ಮರ ಮೊದಲು, ಗೋಡೆ ಆಮೇಲೆ



ಮನೆಗೆ ಬಣ್ಣ ಬಳಿಸಬೇಕು. ಹಾಗೆಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಯಾವುದು? ಅಂಗಡಿಗೆ ಹೋಗಿ ಶೇಡ್ ಕಾರ್ಡ್ ತರುವುದು. ಅದರಲ್ಲಿ ಸಾವಿರಕ್ಕೂ ಮೀರಿ ಬಣ್ಣದ ಚೌಕಗಳು. ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಮಗಳಿಗೆ ತಿಳಿನೀಲಿ ಬೇಕು. ಮಗನಿಗೆ ಬೂದು. ಅಜ್ಜಿಗೆ ಸುಣ್ಣ ಹೊಡೆದರೆ ಸಾಕು. ಚರ್ಚೆ ರಾತ್ರಿ ಊಟದವರೆಗೂ ನಡೆಯುತ್ತದೆ. ಗೋಡೆಯ ತೀರ್ಮಾನವಾದ ಮೇಲೆ ಯಾರೋ ಒಬ್ಬರು ಕೇಳುತ್ತಾರೆ: ಬಾಗಿಲಿಗೆ, ಕಿಟಕಿಗೆ, ಬೀರುವಿಗೆ ಏನು ಮಾಡೋಣ? ‘ಏನಾದರೊಂದು ಪಾಲಿಶ್ ಹೊಡೆಸಿದರಾಯಿತು’ ಎಂದು ಎಲ್ಲರೂ ಎದ್ದುಬಿಡುತ್ತಾರೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಕ್ರಮವನ್ನು ತಿರುವಿಹಾಕಿ. ಮೊದಲು ಮರ. ಆಮೇಲೆ ಗೋಡೆ. ಮರಕ್ಕೆ ಯಾವ ಲೇಪ ಎಂಬುದು ಗಟ್ಟಿಯಾದ ಮೇಲೆಯೇ ಗೋಡೆಯ ಬಣ್ಣದ ಮಾತು ತೆಗೆಯಿರಿ. ಇಷ್ಟು ಮಾಡಿದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಇದನ್ನು ವಿವರಿಸಲು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಮಹಾರಾಷ್ಟ್ರದಲ್ಲಿ ಮನಮಾಡ್ ಜಂಕ್ಷನ್ ಹಾಯುತ್ತದೆ. ಶಿರಡಿಗೆ ಹೋಗಿಬಂದವರಿಗೆ ಈ ಹೆಸರು ಪರಿಚಿತ. ಮನಮಾಡಿನಿಂದ ಸುಮಾರು 25 ಕಿಲೋಮೀಟರ್ ಹೋದರೆ ಚಾಂದವಡ್ ಸಿಗುತ್ತದೆ. ನಾಸಿಕ್ ಜಿಲ್ಲೆಯ ತಾಲ್ಲೂಕು ಕೇಂದ್ರ. ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿನ ಹಳೆಯ ಊರು. ಪಕ್ಕದಲ್ಲಿ ಸಾತಮಾಳಾ ಬೆಟ್ಟಸಾಲು. ಬೆಟ್ಟದ ಮೇಲೆ ಕೋಟೆ. ರೇಣುಕಾದೇವಿಯ ಗುಡಿಯೂ ಇದೆ. ಸವದತ್ತಿ ಯಲ್ಲಮ್ಮನ ಒಕ್ಕಲಿನವರಿಗೆ ಆ ದೇವಿ ಹೊಸಬಳಲ್ಲ. ಒಂದು ಕಾಲಕ್ಕೆ ಇಲ್ಲಿ ಹೋಳ್ಕರ್ ರಾಜಮನೆತನದ ಟಂಕಸಾಲೆಯಿತ್ತು. ಚಾಂದೋರಿ ರೂಪಾಯಿ ಎಂಬ ನಾಣ್ಯ ಅಲ್ಲಿಂದ ಹೊರಡುತ್ತಿತ್ತು.

ಈ ಊರಿನಲ್ಲಿ ಒಂದು ದೊಡ್ಡ ವಾಡೆ, ಅಂದರೆ ಅಂಗಳವಿರುವ ಹಳೆಯ ದೊಡ್ಡಮನೆ, ಇದೆ. ಹೆಸರು ರಂಗಮಹಲ್. ಅಹಲ್ಯಾಬಾಯಿ ಹೋಳ್ಕರರ ಕಾಲದ್ದು. ಅಹಲ್ಯಾಬಾಯಿ ಹುಟ್ಟಿದ್ದು 1725ರಲ್ಲಿ. 1767ರಿಂದ 1795ರವರೆಗೆ ರಾಜ್ಯವಾಳಿದರು. ರಾಜಧಾನಿ ನರ್ಮದೆಯ ದಡದ ಮಹೇಶ್ವರ. ಕಾಶಿಯಲ್ಲಿ, ಸೋಮನಾಥದಲ್ಲಿ ಗುಡಿ ಕಟ್ಟಿಸಿದ ರಾಣಿ ಎಂದೇ ಅವರನ್ನು ನಾವು ಬಲ್ಲೆವು. ಚಾಂದವಡದಲ್ಲಿ ಅವರ ಇನ್ನೊಂದು ಮುಖ ಕಾಣುತ್ತದೆ.

ರೇಡಿಯೊದಲ್ಲಿ ಚಿತ್ರ ತೋರಿಸಲಾಗದು. ಮಾತಿನಲ್ಲೇ ಹೇಳುತ್ತೇನೆ. ಹೊರಗೆ ಕೋಟೆಯಂತೆ ಎತ್ತರದ ಗೋಡೆ. ದೊಡ್ಡ ಹೆಬ್ಬಾಗಿಲು. ಒಳಗೆ ಕಾಲಿಟ್ಟರೆ ಬಯಲಿಗೆ ತೆರೆದ ಅಂಗಳ. ಅದಕ್ಕೆ ಮರಾಠಿಯವರು ಚೌಕ ಎನ್ನುತ್ತಾರೆ. ಅದರಾಚೆಗೆ ದರ್ಬಾರಿನ ಪಡಸಾಲೆ. ಅಲ್ಲಿ ಕೆತ್ತನೆಯ ಮರದ ಕಂಬಗಳು ಸಾಲಾಗಿ ನಿಂತಿವೆ. ಕಂಬ ಕಂಬದ ನಡುವೆ ಕಮಾನು. ಹಿಂದಿನ ಗೋಡೆಗಳ ಮೇಲೆ ವರ್ಣಚಿತ್ರಗಳು. ಪುರಾಣದ ಪ್ರಸಂಗಗಳಿವೆ. ಅರಮನೆಯ ಬದುಕೂ ಇದೆ. ಬಣ್ಣ ಅಲ್ಲಲ್ಲಿ ಮಾಸಿದೆ, ಉದುರಿದೆ. ಆದರೂ ಒಂದು ಸಂಗತಿ ಉಳಿದುಕೊಂಡಿದೆ. ಮರದ ಕಂದು ಗೋಡೆಯ ಬಣ್ಣವನ್ನು ಮುಚ್ಚುವುದಿಲ್ಲ. ಗೋಡೆಯ ಬಣ್ಣ ಮರವನ್ನು ಮಂಕು ಮಾಡುವುದಿಲ್ಲ. ಎರಡೂ ಪಕ್ಕಪಕ್ಕದಲ್ಲಿ ಬಾಳುತ್ತವೆ.

ಇದು ಹೇಗೆ ಸಾಧ್ಯವಾಯಿತು? ಕಟ್ಟುವ ಕ್ರಮದಲ್ಲೇ ಉತ್ತರವಿದೆ. ವಾಡೆಯ ಎಲುಬು ಮರದ ಚೌಕಟ್ಟು. ಮೊದಲು ಬಡಗಿ ಬರುತ್ತಾನೆ. ಕಂಬ ನಿಲ್ಲಿಸುತ್ತಾನೆ, ತೊಲೆ ಏರಿಸುತ್ತಾನೆ, ಜಂತೆ ಜೋಡಿಸುತ್ತಾನೆ. ಆಮೇಲೆ ಇಟ್ಟಿಗೆಯ ಗೋಡೆ ತುಂಬುತ್ತಾರೆ. ಆಮೇಲೆ ಗಾರೆ. ಕೊನೆಯಲ್ಲಿ ಚಿತ್ರಕಾರ ಬರುತ್ತಾನೆ. ಅವನು ಬರುವ ಹೊತ್ತಿಗೆ ಮರ ಕಣ್ಣೆದುರು ನಿಂತಿರುತ್ತದೆ. ಅದನ್ನು ನೋಡಿಕೊಂಡೇ ಅವನು ಬಣ್ಣ ಕಲಸುತ್ತಾನೆ.

ನಮ್ಮ ತೊಟ್ಟಿಯ ಮನೆಗಳೂ ಹೀಗೆಯೇ. ಮಲೆನಾಡಿನಲ್ಲಿ ಮೊದಲು ಮುಂಡಿಗೆ, ಅಂದರೆ ಮರದ ಕಂಬ, ನಿಲ್ಲುತ್ತದೆ. ಗೋಡೆ ಆಮೇಲೆ ಏಳುತ್ತದೆ. ಅದಕ್ಕೇ ಆ ಮನೆಗಳಲ್ಲಿ ಬಣ್ಣದ ಜಗಳ ಕಾಣಿಸುವುದಿಲ್ಲ.

ಈಗಿನ ಮನೆ ತಿರುವುಮುರುವು. ಕಾಂಕ್ರೀಟಿನ ಚೌಕಟ್ಟು. ಗೋಡೆ ಮೊದಲು ಎದ್ದಿರುತ್ತದೆ. ಬೀರು, ಕಪಾಟು, ಅಡುಗೆಮನೆಯ ಕಟ್ಟು ಕೊನೆಗೆ ಬರುತ್ತವೆ. ಕಟ್ಟುವ ಕ್ರಮ ಬದಲಾಯಿತು. ಅದರ ಬೆನ್ನಿಗೇ ಆರಿಸುವ ಕ್ರಮವೂ ಬದಲಾಯಿತು. ಕಟ್ಟುವ ಕ್ರಮವನ್ನು ನಾವೀಗ ತಿದ್ದಲಾರೆವು. ಆರಿಸುವ ಕ್ರಮವನ್ನು ತಿದ್ದಬಹುದು.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಚಾಂದವಡದ ವಾಡೆಯಲ್ಲಿ ಮರ ಮೊದಲು ಬಂತು, ಬಣ್ಣ ಅದನ್ನು ಅನುಸರಿಸಿತು. ನಾವೂ ಅದೇ ಕ್ರಮ ಹಿಡಿಯಬೇಕು. ಯಾಕೆ ಹಿಡಿಯಬೇಕು? ಇದಕ್ಕೆ ಮೂರು ಕಾರಣಗಳಿವೆ.

ಒಂದನೆಯದು, ಮರದಲ್ಲಿ ಆಯ್ಕೆ ಕಡಿಮೆ. ಅಂಗಡಿಯ ಯಂತ್ರ ಗೋಡೆಗೆ ಸಾವಿರಾರು ಛಾಯೆ ಕಲಸಿಕೊಡುತ್ತದೆ. ಮರಕ್ಕೆ ಹಾಗಿಲ್ಲ. ತೇಗ ತೇಗದ ಬಣ್ಣದಲ್ಲೇ ಇರುತ್ತದೆ. ಸ್ವಲ್ಪ ಗಾಢ ಮಾಡಬಹುದು, ಸ್ವಲ್ಪ ಕೆಂಪಿಗೆ ಎಳೆಯಬಹುದು. ಅಷ್ಟೇ. ಬಗ್ಗದಿರುವುದನ್ನು ಮೊದಲು ಗೊತ್ತುಮಾಡಿ. ಬಗ್ಗುವುದನ್ನು ಆಮೇಲೆ ಹೊಂದಿಸಿ.

ಎರಡನೆಯದು, ಬಾಳಿಕೆ. ಗೋಡೆಗೆ ನಾಲ್ಕೈದು ವರ್ಷಕ್ಕೊಮ್ಮೆ ಬಣ್ಣ ಬೀಳುತ್ತದೆ. ಒಳ್ಳೆಯ ಬಾಗಿಲು ಎರಡು ತಲೆಮಾರು ಬಾಳುತ್ತದೆ. ಖರ್ಚೂ ಮರದ ಕಡೆಗೇ ಹೆಚ್ಚು.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಮರದ ಬಣ್ಣ ನಿಂತಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಕೊಯ್ದ ತೇಗ ಮಂಕಾಗಿರುತ್ತದೆ. ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಕೆಲವು ವಾರ ಬೆಳಕು ಕಂಡ ಮೇಲೆ ಹೊಂಬಣ್ಣಕ್ಕೆ ತಿರುಗುತ್ತದೆ. ಹಲಸಿನ ಹಲಗೆ ಕೊಯ್ದ ದಿನ ಹಳದಿ. ವರ್ಷಗಳು ಕಳೆದಂತೆ ಕಂದಾಗುತ್ತದೆ. ಬಡಗಿಯ ಅಂಗಳದಲ್ಲಿ ಕಂಡ ಬಣ್ಣವೇ ಬೇರೆ, ಮುಂದೆ ನಿಮ್ಮ ಮನೆಯಲ್ಲಿ ಉಳಿಯುವ ಬಣ್ಣವೇ ಬೇರೆ. ಗೋಡೆಯನ್ನು ಉಳಿಯುವ ಬಣ್ಣಕ್ಕೆ ಹೊಂದಿಸಬೇಕು.

ಸಂಗೀತ ಕೇಳುವವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಮರ ಶ್ರುತಿ, ಗೋಡೆ ಹಾಡು.

ಹಾಗಾದರೆ ನಿಮ್ಮ ಮನೆಯ ಮರದ ಗುಣ ತಿಳಿಯುವುದು ಹೇಗೆ? ಒಂದು ಹಾಳೆ ಬಿಳಿ ಕಾಗದ ತನ್ನಿ. ಹಗಲು ಬೆಳಕಿನಲ್ಲಿ ಮರದ ಪಕ್ಕಕ್ಕೆ ಹಿಡಿಯಿರಿ. ಒಂಟಿಯಾಗಿ ನೋಡಿದಾಗ ಎಲ್ಲ ಮರವೂ ಕಂದು. ಬಿಳಿಯ ಪಕ್ಕದಲ್ಲಿ ಅದರ ನಿಜಬಣ್ಣ ಹೊರಬೀಳುತ್ತದೆ. ತೇಗ, ಹಲಸು, ಹೊನ್ನೆ ಹಳದಿಯ ಕಡೆಗೆ ವಾಲುತ್ತವೆ. ಬೀಟೆ ನೇರಳೆಗಪ್ಪಿನ ಕಡೆಗೆ. ಮತ್ತಿ ಗಾಢ ಕಂದು, ಅದರಲ್ಲಿ ಕರಿಯ ಗೆರೆಗಳು. ರಬ್ಬರ್ ಮರ ಪೇಲವ. ‘ಮಹಾಗನಿ’ ಎಂಬ ಹೆಸರಿನ ಬಣ್ಣ ಬಳಿಸಿದ ಪ್ಲೈವುಡ್ ಕೆಂಪಿನ ಕಡೆಗೆ. ಹಳದಿಯ ಮರವೇ, ಕೆಂಪಿನ ಮರವೇ, ಕಪ್ಪಿನ ಮರವೇ? ಇದನ್ನೊಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಅದೇ ನಿಮ್ಮ ಮೊದಲ ಆಧಾರ.

ಈಗ ಮರದ ಗುಣ ಗೊತ್ತಾಯಿತು. ಇನ್ನು ಎರಡನೆಯ ಸಂಗತಿಗೆ ಬರೋಣ. ಅದು ಬೆಳಕು.

ರಂಗಮಹಲಿನಂಥ ವಾಡೆಗೆ ಬೆಳಕು ಬರುವುದು ಮುಖ್ಯವಾಗಿ ಅಂಗಳದಿಂದ. ಬಿಸಿಲು ನೇರವಾಗಿ ಗೋಡೆಗೆ ಬಡಿಯುವುದಿಲ್ಲ. ಮೊದಲು ಅಂಗಳದ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಪುಟಿದು ಪಡಸಾಲೆಗೆ ನುಗ್ಗುತ್ತದೆ. ಮೊದಲು ಕಂಬಕ್ಕೆ ತಗಲುತ್ತದೆ, ಆಮೇಲೆ ಗೋಡೆಗೆ. ಇಂಥ ಮೆದು ಬೆಳಕಿನಲ್ಲಿ ಗಾಢ ಬಣ್ಣವೂ ಕಣ್ಣು ಚುಚ್ಚುವುದಿಲ್ಲ.

ಬಿಸಿಲು ನೇರ ಬಿದ್ದರೆ ಬಣ್ಣಕ್ಕೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಶ್ರೀರಂಗಪಟ್ಟಣವನ್ನೇ ನೋಡಿ. ಅಲ್ಲಿಯ ದರಿಯಾ ದೌಲತ್ 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಅದರಲ್ಲೂ ಮರದ ಕಂಬಗಳು. ಅದರಲ್ಲೂ ಗೋಡೆ ತುಂಬ ಚಿತ್ರ. 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇರುವುದು ಅಲ್ಲೇ. ಅರಮನೆಯ ಸುತ್ತ ಹಸಿರು ಪರದೆಗಳನ್ನು ಇಳಿಬಿಟ್ಟಿರುವುದನ್ನು ನೀವು ಕಂಡಿರಬಹುದು. ಅಂದಕ್ಕಾಗಿ ಕಟ್ಟಿದ್ದಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯಲು ಕಟ್ಟಿದ್ದು.

ನಿಮ್ಮ ಮನೆಯಲ್ಲಿ ಅಂಗಳವಿಲ್ಲ, ಕಿಟಕಿಯಿದೆ. ಯಾವ ದಿಕ್ಕಿನ ಕಿಟಕಿ? ಉತ್ತರದ ಕಿಟಕಿಯ ಬೆಳಕು ತಣ್ಣಗಿರುತ್ತದೆ, ಸ್ವಲ್ಪ ನೀಲಿಯ ಕಡೆಗೆ ವಾಲುತ್ತದೆ. ಆ ಕೋಣೆಗೆ ಬೂದು ಬಳಿದರೆ ಇನ್ನಷ್ಟು ಮಂಕು. ಅಲ್ಲಿಗೆ ಕೆನೆಬಿಳಿ, ತಿಳಿಹಳದಿ ಒಪ್ಪುತ್ತವೆ. ಪಶ್ಚಿಮದ ಕಿಟಕಿ ಸಂಜೆ ಕೋಣೆಯನ್ನೆಲ್ಲ ಕೆಂಪಾಗಿಸುತ್ತದೆ. ಅಲ್ಲಿ ಕಿತ್ತಳೆ, ಗುಲಾಬಿ ಬಳಿದರೆ ಸಂಜೆ ಹೊತ್ತು ಕೂರುವುದೇ ಕಷ್ಟ. ಅಲ್ಲಿಗೆ ತಿಳಿಹಸಿರು, ತಿಳಿಬೂದು ಹಿತ.

ರಾತ್ರಿಯ ಬೆಳಕನ್ನೂ ಮರೆಯಬೇಡಿ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಒಂದು ಅಂಕಿಯಿರುತ್ತದೆ. 3000, 4000 ಅಥವಾ 6500. ಪಕ್ಕದಲ್ಲಿ ‘ಕೆ’ ಎಂಬ ಅಕ್ಷರ. ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. ಹೆಚ್ಚಾದಷ್ಟೂ ನೀಲಿಬಿಳಿ. 3000ದ ಬೆಳಕಿನಲ್ಲಿ ತೇಗ ಮೈದುಂಬಿ ಕಾಣುತ್ತದೆ. 6500ರ ಬೆಳಕಿನಲ್ಲಿ ಅದೇ ತೇಗ ಬೂದಿ ಮೆತ್ತಿದ ಹಾಗೆ ಸಪ್ಪಗಾಗುತ್ತದೆ. ಪಾಲಿಶ್‌ಗೆ ಸಾವಿರಾರು ರೂಪಾಯಿ ಸುರಿದು, ಮೇಲೆ ತಪ್ಪು ಬಲ್ಬು ತೂಗುಹಾಕಿದರೆ ಖರ್ಚು ದಂಡ.

ಇಲ್ಲಿಯವರೆಗೆ ಎರಡು ಹೆಜ್ಜೆಯಾಯಿತು. ಮರದ ಗುಣ ಅರಿತಿರಿ. ಕೋಣೆಯ ಬೆಳಕು ಅರಿತಿರಿ. ಮೂರನೆಯ ಹೆಜ್ಜೆ ಗೋಡೆಯ ಬಣ್ಣ. ಈಗ ಶೇಡ್ ಕಾರ್ಡ್ ತೆರೆಯಬಹುದು.

ತೆರೆಯುವ ಮೊದಲು ಒಂದು ಪ್ರಶ್ನೆ. ಹಿಂದಿನವರಿಗೆ ಶೇಡ್ ಕಾರ್ಡ್ ಇರಲಿಲ್ಲ. ಬಣ್ಣಗಳೂ ಕೆಲವೇ. ಆದರೂ ಅವರ ಮನೆಗಳು ಯಾಕೆ ಅಷ್ಟು ಒಪ್ಪವಾಗಿದ್ದವು? ಒಂದು ಕಾರಣ ಸುಣ್ಣ.

ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆದರೆ ಸುಣ್ಣ ತೀಕ್ಷ್ಣ ಕ್ಷಾರ. ಎಲ್ಲ ಬಣ್ಣಗಳೂ ಅದರ ಜೊತೆ ಬದುಕುವುದಿಲ್ಲ. ಸಸ್ಯದ ಬಣ್ಣಗಳಲ್ಲಿ ಬಹಳಷ್ಟು ಬೇಗ ಬಿಳಿಚುತ್ತವೆ. ಕೆಮ್ಮಣ್ಣು ಉಳಿಯುತ್ತದೆ. ಹಳದಿ ಮಣ್ಣು ಉಳಿಯುತ್ತದೆ. ಬಟ್ಟೆಗೆ ಹಾಕುವ ನೀಲಿ ಉಳಿಯುತ್ತದೆ. ಹೀಗೆ ಸುಣ್ಣವೇ ಬಣ್ಣಗಳನ್ನು ಸೋಸಿಕೊಡುತ್ತಿತ್ತು. ಉಳಿದವು ಹೆಚ್ಚಾಗಿ ಮಣ್ಣಿನ ಬಣ್ಣಗಳು. ಮಣ್ಣಿನ ಬಣ್ಣವೂ ಮರದ ಬಣ್ಣವೂ ಒಂದೇ ಬಳಗದವು. ಸಾಗರ, ಸೊರಬದ ಕಡೆಯ ದೀವರ ಮನೆಗಳ ಹಸೆ ಚಿತ್ತಾರ ನೆನಪಿಸಿಕೊಳ್ಳಿ. ಕೆಮ್ಮಣ್ಣಿನ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಪಕ್ಕದಲ್ಲಿ ಮರದ ಬಾಗಿಲು. ಎಲ್ಲಿಯೂ ಘರ್ಷಣೆಯಿಲ್ಲ.

ಮಣ್ಣಿನ ಬಣ್ಣಕ್ಕೆ ಇನ್ನೊಂದು ಉದಾಹರಣೆ ಬೇಕೇ? ಚಾಂದವಡದ ಸಾತಮಾಳಾ ಬೆಟ್ಟಸಾಲು ಪೂರ್ವಕ್ಕೆ ಚಾಚುತ್ತ ಅಜಂತಾ ಬೆಟ್ಟಗಳಾಗುತ್ತದೆ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಾ ಗುಹೆಗಳು ಇರುವುದು ಅಲ್ಲಿಯೇ. ಆ ಗುಹೆಗಳ ಗೋಡೆಚಿತ್ರಗಳ ಕೆಂಪು, ಹಳದಿ, ಹಸಿರು ಬಣ್ಣಗಳು ಮಣ್ಣಿನಿಂದ, ಕಲ್ಲಿನಿಂದ ಬಂದವು. ಕಪ್ಪು ದೀಪದ ಕಾಡಿಗೆಯಿಂದ. ದೂರದಿಂದ ತರಿಸಿದ ದುಬಾರಿ ಬಣ್ಣವೆಂದರೆ ನೀಲಿ. ಅದು ಅಫ್ಘಾನಿಸ್ತಾನದ ಕಡೆಯ ಲಾಜವರ್ದ ಕಲ್ಲು. ಆ ನೀಲಿಯನ್ನು ಚಿತ್ರಕಾರರು ಎಲ್ಲೆಡೆ ಚೆಲ್ಲಲಿಲ್ಲ. ಬೇಕಾದಲ್ಲಿ ಮಾತ್ರ ಇಟ್ಟರು. ನಮಗೂ ಇದು ಒಳ್ಳೆಯ ಲೆಕ್ಕ. ಗೋಡೆಯ ಬಹುಪಾಲು ಶಾಂತವಾದ ಮಣ್ಣಿನ ಬಣ್ಣ ಇರಲಿ. ಎದ್ದು ಕಾಣುವ ಬಣ್ಣ ಒಂದೇ ಇರಲಿ, ಅದೂ ಒಂದೇ ಜಾಗದಲ್ಲಿ.

ಈಗ ಮರದ ಚೀಟಿಯನ್ನು ಹೊರತೆಗೆಯಿರಿ. ನಿಮ್ಮದು ಹಳದಿಯ ಕಡೆಗೆ ವಾಲುವ ಮರವೇ? ತೇಗವೇ, ಹಲಸೇ? ಹಾಗಾದರೆ ಗೋಡೆಗೆ ಗಾಢ ಕೆನೆಹಳದಿ ಬೇಡ. ಮರವೂ ಹಳದಿ, ಗೋಡೆಯೂ ಹಳದಿಯಾದರೆ ಬಾಗಿಲು ಗೋಡೆಯಲ್ಲಿ ಕರಗಿಹೋಗುತ್ತದೆ. ಅಲ್ಲಿಗೆ ಚೂರು ಬೂದು ಬೆರೆತ ಬಿಳಿ ಒಪ್ಪುತ್ತದೆ. ಚೂರು ಹಸಿರು ಬೆರೆತ ಬಿಳಿಯೂ ಒಪ್ಪುತ್ತದೆ. ತೇಗ ಎದ್ದು ನಿಲ್ಲುತ್ತದೆ.

ಕೆಂಪಿನ ಕಡೆಗೆ ವಾಲುವ ಮರವೇ? ಗುಲಾಬಿ, ಕಿತ್ತಳೆಯ ಹತ್ತಿರ ಹೋಗಬೇಡಿ. ಕೆಂಪಿಗೆ ಎದುರಾಳಿ ಹಸಿರು. ತೆಳುವಾದ, ಬೂದುಮಿಶ್ರ ಹಸಿರು ಬಳಿದು ನೋಡಿ. ಕೆಂಪು ಮರಕ್ಕೆ ಗಾಂಭೀರ್ಯ ಬರುತ್ತದೆ.

ಬೀಟೆಯಂಥ ಕಪ್ಪು ಮರವೇ? ಗೋಡೆ ಬೆಳ್ಳಗಿರಲಿ. ಕಪ್ಪು ಮರ ಬೆಳಕು ನುಂಗುತ್ತದೆ. ಅದನ್ನು ಗೋಡೆ ಹಿಂದಿರುಗಿಸಬೇಕು. ಮಲೆನಾಡಿನ ಮನೆಗಳಲ್ಲಿ ಇದೇ ಉಪಾಯ. ಮಳೆಗೆ ಅಂಜಿ ಸೂರು ತಗ್ಗಿಸಿರುತ್ತಾರೆ. ಒಳಗೆ ಬೆಳಕು ಕಡಿಮೆ. ಕಂಬ ಕಪ್ಪು, ನೆಲ ಕಾವಿ. ಅದಕ್ಕೇ ಗೋಡೆಗೆ ಸುಣ್ಣದ ಬಿಳಿ.

ಬಣ್ಣ ಆರಿಸಿದಿರಿ. ಅಷ್ಟಕ್ಕೇ ದೊಡ್ಡ ಡಬ್ಬಿ ಕೊಳ್ಳಬೇಡಿ. ಚಿಕ್ಕ ಡಬ್ಬಿಯೊಂದನ್ನು ತಂದು, ಮರದ ಪಕ್ಕದಲ್ಲೇ, ಎರಡಡಿ ಉದ್ದ ಎರಡಡಿ ಅಗಲದ ಜಾಗಕ್ಕೆ ಎರಡು ಕೋಟು ಬಳಿಯಿರಿ. ಪೂರ್ತಿ ಒಣಗಲಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ. ಸುಣ್ಣ ಇದಕ್ಕೆ ತದ್ವಿರುದ್ಧ, ಒಣಗಿದ ಮೇಲೆ ಬಿಳುಪೇರುತ್ತದೆ. ಬೆಳಿಗ್ಗೆ ನೋಡಿ, ಮಧ್ಯಾಹ್ನ ನೋಡಿ, ರಾತ್ರಿ ದೀಪ ಹಾಕಿ ನೋಡಿ. ಇನ್ನೊಂದು ಎಚ್ಚರ. ಕಾರ್ಡಿನ ಚಿಕ್ಕ ಚೌಕದಲ್ಲಿ ಮೃದುವಾಗಿ ಕಂಡದ್ದು ಇಡೀ ಗೋಡೆಯಲ್ಲಿ ಜೋರಾಗಿ ಕಾಣುತ್ತದೆ. ನಾಲ್ಕು ಗೋಡೆಗಳು ಒಂದರ ಬಣ್ಣವನ್ನು ಒಂದರ ಮೇಲೆ ಎಸೆಯುತ್ತವೆ. ಅನುಮಾನವಿದ್ದರೆ ಕಾರ್ಡಿನಲ್ಲಿ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಆರಿಸಿ.

ಎಷ್ಟು ಬಣ್ಣ ಬೇಕು? ಅಂದಾಜು ಲೆಕ್ಕ ಹೇಳುತ್ತೇನೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಎಂದುಕೊಳ್ಳಿ. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಹೆಚ್ಚುಕಡಿಮೆ 400. ನಯವಾದ ಗೋಡೆಗೆ ಎರಡು ಕೋಟು ಬಳಿಯಲು 4 ಲೀಟರ್ ಎಮಲ್ಷನ್ ಸಾಕು. ಒಂದು ಕೋಣೆಯ ಬಣ್ಣವನ್ನೆಲ್ಲ ಒಂದೇ ಸಲ ಕಲಸಿಸಿ. ಬೇರೆ ದಿನ ಕಲಸಿದ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ಗೋಡೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಮರ, ಬೆಳಕು, ಗೋಡೆ. ಮೂರು ಹೆಜ್ಜೆಯಾಯಿತು. ನಾಲ್ಕನೆಯದು ಮರದ ಮೇಲಿನ ಲೇಪ. ಮರವನ್ನು ಮೊದಲು ನಿರ್ಧರಿಸಿ ಎಂದೆನಲ್ಲ? ಆ ನಿರ್ಧಾರದಲ್ಲಿ ಲೇಪವೂ ಸೇರಿದೆ. ಯಾಕೆಂದರೆ ಲೇಪವೂ ಒಂದು ಬಣ್ಣ. ಪಾರದರ್ಶಕ ಎಂದು ಮಾರುವ ಲೇಪವೂ ಬಣ್ಣವೇ.

ಇದಕ್ಕೆ ಅಜಂತಾದಲ್ಲೇ ಒಂದು ಪಾಠವಿದೆ. 1920ರ ಹೊತ್ತಿಗೆ ಅಜಂತಾ ಹೈದರಾಬಾದಿನ ನಿಜಾಮರ ರಾಜ್ಯದಲ್ಲಿತ್ತು. ಚಿತ್ರಗಳು ಗೋಡೆಯಿಂದ ಕಳಚಿಕೊಳ್ಳುತ್ತಿದ್ದವು. ನಿಜಾಮ ಸರ್ಕಾರ ಇಟಲಿಯಿಂದ ಚೆಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. ಅವರು ಸಡಿಲ ಗಾರೆಯನ್ನು ಗೋಡೆಗೆ ಬಿಗಿದರು. ಚಿತ್ರಗಳ ಮೇಲೆ ಅರಗಿನ ವಾರ್ನಿಷ್ ಬಳಿದರು. ಆಗ ಚಿತ್ರಗಳು ಮಿರುಗಿದವು. ವರ್ಷಗಳು ಕಳೆದಂತೆ ಆ ವಾರ್ನಿಷ್ ಹಳದಿಯಾಯಿತು, ಕಪ್ಪಾಯಿತು. ಕೆಳಗಿನ ಬಿಳಿಯೂ ನೀಲಿಯೂ ಮುಸುಕಾದವು. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ಎಚ್ಚರದಿಂದ ತೆಗೆಯುವ ಕೆಲಸಕ್ಕೆ ಇಳಿಯಬೇಕಾಯಿತು.

ಹಾಗೆಂದು ಅರಗು ಕೆಟ್ಟದ್ದೇ? ಅಲ್ಲ. ಚಿತ್ರಕ್ಕೆ ಸಲ್ಲದ್ದು ಮರಕ್ಕೆ ಸಲ್ಲುತ್ತದೆ. ಆ ಹೊಂಬಣ್ಣವೇ ಬೀಟೆಗೆ, ತೇಗಕ್ಕೆ ಬೇಕಾದದ್ದು. ಅರಗು ಮರಗಳ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ರಾಳ. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಮತ್ತೆ ಮತ್ತೆ ತಿಕ್ಕಿದರೆ ಅದೇ ಫ್ರೆಂಚ್ ಪಾಲಿಶ್. ನಮ್ಮ ಚನ್ನಪಟ್ಟಣದ ಬೊಂಬೆಗಳ ಮೈಮೇಲಿರುವುದೂ ಅರಗೇ. ಆಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೇದಗೆ ಜಾತಿಯ ಎಲೆಯಿಂದ ತಿಕ್ಕಿ ಹೊಳಪು ತರುತ್ತಾರೆ. ಆಲೆ ಮರ ಬೆಳ್ಳಗಿರುವುದರಿಂದಲೇ ಅದರ ಮೇಲೆ ಹಳದಿ, ಕೆಂಪು ಅಷ್ಟು ಚೊಕ್ಕವಾಗಿ ಕೂರುತ್ತವೆ. ಅಲ್ಲಿಯೂ ಮರವೇ ಮೊದಲು.

ಮೈಸೂರಿಗೂ ಅರಗಿಗೂ ದೊಡ್ಡ ನಂಟಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಅದೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಮಗೆಲ್ಲ ಅದು ಗೊತ್ತಿರುವುದು ಮತ ಹಾಕಿದ ಬೆರಳಿನಿಂದ. 1962ರ ಚುನಾವಣೆಯಿಂದ ಅಳಿಸದ ಶಾಯಿ ಅಲ್ಲಿಂದಲೇ ಬರುತ್ತಿದೆ. ಆದರೆ ಕಾರ್ಖಾನೆಯ ಮೂಲ ಕಸುಬು ಅರಗು ಮತ್ತು ಬಣ್ಣ.

ಈಗ ಲೇಪಗಳನ್ನು ಒಂದೊಂದಾಗಿ ನೋಡೋಣ. ಫ್ರೆಂಚ್ ಪಾಲಿಶ್ ಮರದ ನರವನ್ನು ಚೆನ್ನಾಗಿ ತೋರಿಸುತ್ತದೆ. ಕೆಟ್ಟರೆ ಸುಲಭವಾಗಿ ಸರಿಪಡಿಸಬಹುದು. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಊಟದ ಮೇಜಿಗೆ ಬೇಡ. ದೇವರ ಮಂಟಪಕ್ಕೆ, ಹಳೆಯ ಬೀರುವಿಗೆ ಒಳ್ಳೆಯದು.

ಮೆಲಮೈನ್ ಗಟ್ಟಿ ಪದರ. ಬಳಿಯುವಾಗ ವಾಸನೆ ಕಟು. ಪಾಲಿಯುರಿಥೇನ್, ಅಂದರೆ ಪಿಯು, ಇನ್ನೂ ಗಟ್ಟಿ. ನೀರಿಗೆ, ಬಿಸಿಗೆ ಹೆಚ್ಚು ತಡೆಯುತ್ತದೆ. ಮುಂಬಾಗಿಲಿಗೆ, ಊಟದ ಮೇಜಿಗೆ ತಕ್ಕದ್ದು. ಎಣ್ಣೆಯ ಆಧಾರದ ಲೇಪ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ. ನೀರಿನ ಆಧಾರದ್ದು ತಿಳಿಯಾಗಿ ಉಳಿಯುತ್ತದೆ. ರಬ್ಬರ್ ಮರದಂಥ ಪೇಲವ ಮರವನ್ನು ಪೇಲವವಾಗಿಯೇ ಉಳಿಸಬೇಕೆಂದಿದ್ದರೆ ನೀರಿನ ಆಧಾರದ್ದನ್ನು ಕೇಳಿ.

ಎಣ್ಣೆ ಹಚ್ಚುವುದು ಎಲ್ಲಕ್ಕಿಂತ ಹಳೆಯ ಪದ್ಧತಿ. ಕರಾವಳಿಯಲ್ಲಿ ಮಾಡಿನ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಗೆದ್ದಲು ಹತ್ತಿರ ಸುಳಿಯದು. ಆದರೆ ಮರ ಕಪ್ಪಾಗುತ್ತದೆ. ಒಳಕೋಣೆಗೆ ಅಗಸೆ ಎಣ್ಣೆ ಹಿತ. ಮರ ಮರದ ಹಾಗೆಯೇ ಕಾಣುತ್ತದೆ. ಒಂದು ಎಚ್ಚರಿಕೆ ಮಾತ್ರ ಬಿಡದೆ ಪಾಲಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ.

ಇನ್ನು ಹೊಳಪು. ಮಿರಿಮಿರಿ ಹೊಳೆಯುವ ಪಾಲಿಶ್ ಬಲ್ಬಿನ ಬೆಳಕನ್ನೇ ತೋರಿಸುತ್ತದೆ, ಮರವನ್ನಲ್ಲ. ಎದುರಿನ ಗೋಡೆಯ ಬಣ್ಣವೂ ಅದರಲ್ಲಿ ಪ್ರತಿಫಲಿಸುತ್ತದೆ. ಹೊಳಪು ಕಡಿಮೆಯಾದಷ್ಟೂ ಮರದ ಗೆರೆ ಚೆನ್ನಾಗಿ ಕಾಣುತ್ತದೆ. ಗೋಡೆಗೂ ಇದೇ ಮಾತು. ಹೊಳೆಯುವ ಗೋಡೆ ಉಬ್ಬುತಗ್ಗು ತೋರಿಸುತ್ತದೆ. ಆದರೆ ಒರೆಸುವುದು ಸುಲಭ. ಮಕ್ಕಳ ಕೋಣೆಗೆ ತುಸು ಹೊಳಪಿರಲಿ. ಹಜಾರಕ್ಕೆ ಬೇಡ.

ಲೇಪವನ್ನೂ ಮೊದಲು ಮಾದರಿಯ ಮೇಲೆ ನೋಡಿ. ಬಡಗಿಯ ಹತ್ತಿರ ಅದೇ ಮರದ ಒಂದು ತುಂಡು ಕೇಳಿ. ಅದನ್ನು ಮರಳುಕಾಗದದಿಂದ ಉಜ್ಜಿಸಿ, ಪೂರ್ತಿ ಕೋಟು ಹಾಕಿಸಿ. ಆ ತುಂಡನ್ನು ಕೈಯಲ್ಲಿ ಹಿಡಿದೇ ಬಣ್ಣದ ಅಂಗಡಿಗೆ ಹೋಗಿ.

ನಾಲ್ಕು ಹೆಜ್ಜೆ ಮುಗಿದವು. ಮರ, ಬೆಳಕು, ಗೋಡೆ, ಲೇಪ. ಕೊನೆಯದಾಗಿ ಕೆಲಸದ ಕ್ರಮ ಮತ್ತು ಸುರಕ್ಷತೆ.

ಮರ ಉಜ್ಜುವ ಕೆಲಸ ಮೊದಲು ಮುಗಿಯಲಿ. ಅದರ ಧೂಳು ಹಸಿ ಗೋಡೆಗೆ ಅಂಟಬಾರದು. ಆಮೇಲೆ ಗೋಡೆಗೆ ಪುಟ್ಟಿ, ಪ್ರೈಮರ್, ಮೊದಲ ಕೋಟು. ಆಮೇಲೆ ಮರದ ಪಾಲಿಶ್. ಎಲ್ಲಕ್ಕೂ ಕೊನೆಗೆ ಗೋಡೆಯ ಅಂತಿಮ ಕೋಟು. ಹೊಸ ಗಾರೆಯಾದರೆ ಕನಿಷ್ಠ ನಾಲ್ಕು ವಾರ ಒಣಗಲಿ. ಸಿಮೆಂಟೂ ಸುಣ್ಣದಂತೆ ಕ್ಷಾರ. ಹಸಿಯಿರುವಾಗಲೇ ಬಳಿದರೆ ಬಣ್ಣ ತೇಪೆತೇಪೆಯಾಗಿ ಬಿಳಿಚುತ್ತದೆ. ಗೋಡೆಯಲ್ಲಿ ತೇವ ಇಳಿಯುತ್ತಿದ್ದರೆ ಮೊದಲು ಸೋರಿಕೆ ನಿಲ್ಲಿಸಿ. ಯಾವ ಬಣ್ಣವೂ ನೀರನ್ನು ಬಹಳ ದಿನ ಮುಚ್ಚಿಡಲಾರದು.

ಹಳೆಯ ಮನೆಯವರಿಗೆ ಒಂದು ವಿಶೇಷ ಮಾತು. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವಿರುತ್ತಿತ್ತು. ಹಳದಿಯಲ್ಲೂ ಕೆಂಪಿನಲ್ಲೂ ಅದು ಹೆಚ್ಚು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾರಕ. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು. ಅದು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗ ಮೀರಿ ಸೀಸ ಇರಕೂಡದು. ಡಬ್ಬಿಯ ಮೇಲೆ ಇದನ್ನು ಓದಿ ಕೊಳ್ಳಿ. ಆದರೆ ನಿಮ್ಮ ಹಳೆಯ ಕಿಟಕಿಯ ಮೇಲೆ ಮೊದಲಿನ ಪದರಗಳು ಹಾಗೆಯೇ ಇರಬಹುದು. ಅವನ್ನು ಒಣಗಿದ ಹಾಗೇ ಉಜ್ಜಿಸಬೇಡಿ. ನೀರು ಹಾಕಿ ಉಜ್ಜಿಸಿ. ಕೆಲಸಗಾರರು ಮುಖಕ್ಕೆ ಮಾಸ್ಕ್ ಕಟ್ಟಲಿ. ಮಕ್ಕಳು, ಬಸುರಿಯರು ಆ ಕೋಣೆಯಿಂದ ದೂರವಿರಲಿ. ಕೆರೆದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕೇಳುಗರೇ, ಒಟ್ಟು ಮಾತನ್ನು ಮತ್ತೊಮ್ಮೆ ಹೇಳಿ ಮುಗಿಸುತ್ತೇನೆ. ಬಿಳಿ ಕಾಗದ ಹಿಡಿದು ಮರದ ಬಣ್ಣ ತಿಳಿಯಿರಿ. ಕಿಟಕಿಯ ದಿಕ್ಕು, ಬಲ್ಬಿನ ಅಂಕಿ ನೋಡಿಕೊಳ್ಳಿ. ಮರದ ಲೇಪವನ್ನು ಮಾದರಿ ತುಂಡಿನ ಮೇಲೆ ನಿರ್ಧರಿಸಿ. ಶೇಡ್ ಕಾರ್ಡನ್ನು ಆ ತುಂಡಿನ ಪಕ್ಕಕ್ಕಿಟ್ಟು ಗೋಡೆಯ ಬಣ್ಣ ಆರಿಸಿ. ಎರಡಡಿ ಚೌಕಕ್ಕೆ ಬಳಿದು ಒಂದು ಹಗಲು, ಒಂದು ರಾತ್ರಿ ನೋಡಿ. ದೊಡ್ಡ ಡಬ್ಬಿಗೆ ಹಣ ಕೊಡುವುದು ಮರುದಿನ. ಅಷ್ಟರೊಳಗೆ ಪೇಂಟರ್ ಅವಸರ ಮಾಡಿದರೆ ಕೂರಿಸಿ ಒಂದು ಲೋಟ ಚಹಾ ಕೊಡಿ, ಬ್ರಷ್ ಮಾತ್ರ ಕೊಡಬೇಡಿ.